ತ್ಯಾವರೆಕೊಪ್ಪದ ಕಿವಿಗೆ ಯಾವ ಯಂತ್ರ? ಶ್ರವಣ ಸಾಧನಗಳ ಹೋಲಿಕೆ ಕುರಿತು ಒಂದು ಟಿಪ್ಪಣಿ

ಶ್ರವಣ ಸಾಧನದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಎಂಬುದು. ಪತ್ರಿಕೆಯ ಜಾಹೀರಾತು, ಮೊಬೈಲಿನಲ್ಲಿ ಸಿಗುವ ಹೋಲಿಕೆ ಪಟ್ಟಿಗಳು, ಬೆಂಗಳೂರಿನಿಂದ ಮಗ ಫೋನು ಮಾಡಿ ಸೂಚಿಸುವ ಹೆಸರು, ಎಲ್ಲವೂ ಈ ಪ್ರಶ್ನೆಗೇ ಉತ್ತರ ಕೊಡುತ್ತವೆ. ಅದನ್ನು ಕಟ್ಟಕಡೆಗೆ ಕೇಳಬೇಕು ಎಂಬುದು ಈ ಟಿಪ್ಪಣಿಯ ವಾದ. ಯಾವ ಕಿವಿ, ಯಾವ ಭಾಷೆ, ಯಾವ ಹವೆ, ಕೆಟ್ಟರೆ ಎಷ್ಟು ದೂರ ಹೋಗಬೇಕು ಎಂಬ ನಾಲ್ಕು ಸಂಗತಿ ಇತ್ಯರ್ಥವಾದ ಮೇಲೆ ಕಂಪನಿಯ ಹೆಸರಿಗೆ ಉಳಿಯುವ ತೂಕ ನಾವು ಅಂದುಕೊಂಡಷ್ಟಿರುವುದಿಲ್ಲ.

ಹೋಲಿಕೆಗೆ ಒಂದು ನೆಲೆ ಬೇಕು. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ತ್ಯಾವರೆಕೊಪ್ಪವನ್ನೇ ಆರಿಸಿಕೊಂಡಿದ್ದೇನೆ. 1988ರಿಂದ ಇರುವ ಹುಲಿ-ಸಿಂಹಧಾಮದಿಂದ ಊರಿನ ಹೆಸರು ಹೊರಗಿನವರಿಗೂ ಗೊತ್ತು. ಒಂದು ಕಡೆ ಕಾಡಿನ ಮೌನ, ಇನ್ನೊಂದು ಕಡೆ ಹೆದ್ದಾರಿಯ ಲಾರಿ-ಬಸ್ಸು. ಪೇಟೆ ಹತ್ತಿರವಿದೆ, ಆದರೆ ಕಾಲ್ನಡಿಗೆಯಲ್ಲಿ ಹೋಗಿಬರುವಷ್ಟು ಹತ್ತಿರವಲ್ಲ. ಶ್ರವಣ ಸಾಧನವನ್ನು ಪರೀಕ್ಷೆಗೊಡ್ಡಲು ಇಂಥ ಊರೇ ಬೇಕು. ಕಂಪನಿಯ ಪ್ರಯೋಗಾಲಯದಲ್ಲಿ ಸದ್ದಿಲ್ಲದ ಕೋಣೆಯಿರುತ್ತದೆ. ನಮ್ಮಲ್ಲಿ ಜಗಲಿ ಇದೆ, ಫ್ಯಾನು ಇದೆ, ಒಳಮನೆಯಿಂದ ಕೂಗಿ ಮಾತಾಡುವ ಅಭ್ಯಾಸವಿದೆ.

ಭದ್ರಾವತಿಯ ಕಿವಿ

ಈ ಸೀಮೆಯಲ್ಲಿ ಕಿವಿ ಮಂದವಾಗಲು ಮುಪ್ಪಿನ ಜೊತೆಗೆ ಇನ್ನೊಂದು ಕಾರಣವಿದೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣ ಕಾರ್ಖಾನೆ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಎರಡು ಮೂರು ತಲೆಮಾರು ಇವುಗಳ ಪಾಳಿಯಲ್ಲಿ ಬದುಕಿತು. ಫೋರ್ಜ್, ರೋಲಿಂಗ್ ಮಿಲ್, ಮರವನ್ನು ಚಕ್ಕೆ ಮಾಡುವ ಯಂತ್ರ, ಕಾಗದದ ಯಂತ್ರ: ಪಕ್ಕದವನಿಗೆ ಕೇಳಿಸಲು ಕಿವಿಯ ಹತ್ತಿರ ಬಾಯಿಟ್ಟು ಕಿರುಚಬೇಕಾದ ಜಾಗಗಳು ಇವು. ಕಾರ್ಖಾನೆಯ ಹೊರಗೂ ಅಕ್ಕಿ ಗಿರಣಿ, ಸಾಮಿಲ್ಲು, ಇತ್ತೀಚಿನ ವರ್ಷಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಇವೆ.

ಭಾರತದ ಕಾರ್ಖಾನೆ ನಿಯಮಗಳಲ್ಲಿ ಎಂಟು ತಾಸಿನ ಪಾಳಿಗೆ 90 ಡೆಸಿಬಲ್ ಮಿತಿ. ಸದ್ದು 5 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯಬೇಕು. 100 ಡೆಸಿಬಲ್ಲಿನಲ್ಲಿ ಎರಡೇ ತಾಸು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಶಿಫಾರಸು ಮಾಡುವುದು ಇನ್ನೂ ಬಿಗಿಯಾದ ಮಿತಿ: 85 ಡೆಸಿಬಲ್, ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯಾಗಿತ್ತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಅದಕ್ಕೆ ಜಾಗವಿತ್ತು. ಕಾನೂನಿನಲ್ಲಿ ಇಷ್ಟೆಲ್ಲ ಇದ್ದರೂ ಮನೆಯಲ್ಲಿ ಅದಕ್ಕೆ ‘ವಯಸ್ಸಾಯ್ತಲ್ಲ’ ಎಂಬ ಒಂದೇ ಹೆಸರು. ಕಿವಿ ಪರೀಕ್ಷೆಗೆ ಹೋದಾಗ ಎಷ್ಟು ವರ್ಷ ಯಾವ ವಿಭಾಗದಲ್ಲಿ ದುಡಿದಿರಿ ಎಂದು ಕೇಳಿದರೆ ಆ ಪರೀಕ್ಷಕರ ಮೇಲೆ ನಂಬಿಕೆ ಇಡಬಹುದು.

ಸದ್ದು ತಿಂದ ಕಿವಿಗೆ ಒಂದು ಗುರುತಿದೆ. ಹಾನಿ ಮೊದಲು ಕಾಣುವುದು 4000 ಹರ್ಟ್ಸ್ ಸುತ್ತಮುತ್ತ. ಕಿವಿ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂನ ಗೆರೆ ಅಲ್ಲಿ ಗುಂಡಿಗೆ ಬಿದ್ದಂತೆ ಕುಸಿದು 8000ದಲ್ಲಿ ಸ್ವಲ್ಪ ಮೇಲೇಳುತ್ತದೆ. ಆಮೇಲೆ ಮುಪ್ಪು ಸೇರಿ ಗುಂಡಿಯ ಎರಡೂ ದಡ ಜರಿಯುತ್ತವೆ. ಇಂಥ ಒಂದು ಮಾದರಿ ಎದುರಿಗಿಟ್ಟುಕೊಳ್ಳೋಣ. ಇದು ಯಾರದೂ ಅಲ್ಲ, ಲೆಕ್ಕಕ್ಕೆಂದು ನಾನೇ ಬರೆದುಕೊಂಡದ್ದು. 250 ಹರ್ಟ್ಸ್‌ನಲ್ಲಿ 15 ಡೆಸಿಬಲ್, 500ರಲ್ಲಿ 20, 1000ದಲ್ಲಿ 25, 2000ದಲ್ಲಿ 45, 4000ದಲ್ಲಿ 70, 8000ದಲ್ಲಿ 60. ಎರಡೂ ಕಿವಿ ಹೀಗೇ ಇವೆ ಎನ್ನೋಣ. 500ರಿಂದ 4000ದವರೆಗಿನ ನಾಲ್ಕು ಅಂಕಿಗಳ ಸರಾಸರಿ 40 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಶ್ರವಣ ವರದಿಯಲ್ಲಿ ಕೊಟ್ಟ ವರ್ಗೀಕರಣದಂತೆ 35ರಿಂದ 50ರೊಳಗಿನದು ಮಧ್ಯಮ ನಷ್ಟ; ಸಾಧನ ಬೇಕಾಗಬಹುದಾದ ಮಟ್ಟ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾತ್ರ ‘ಮಂದ ಶ್ರವಣ’ ಆರಂಭವಾಗುವುದೇ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟವಾದಾಗ, 70ಕ್ಕೆ ‘ಕಿವುಡು’. 1981ರಿಂದ ನಡೆದುಬಂದ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಉಚಿತ ಸಾಧನ ಬೇಕೆಂದರೆ ಕನಿಷ್ಠ ಶೇ 40ರ ಅಂಗವೈಕಲ್ಯ ಪ್ರಮಾಣಪತ್ರ ತೋರಿಸಬೇಕು. ನಮ್ಮ ಮಾದರಿ ಮನುಷ್ಯ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತಾನೆ: ಯಂತ್ರ ಬೇಡವೆನ್ನುವಷ್ಟು ಕೇಳುವುದಿಲ್ಲ, ಯಂತ್ರ ಸಿಗುವಷ್ಟು ಕಿವುಡಾಗಿಲ್ಲ. ಹಾಗಾಗಿ ಇಂಥ ನಿವೃತ್ತರಿಗೆ ಆಯ್ಕೆ ಎಂದರೆ ತಮ್ಮ ಜೇಬಿನ ಆಯ್ಕೆಯೇ.

ಕನ್ನಡ ಎಲ್ಲಿ ಕಳೆದುಹೋಗುತ್ತದೆ

ಇದೇ ಮಾದರಿಯನ್ನು ಮಾತಿನ ಮೇಲಿಟ್ಟು ನೋಡಬೇಕು. ಸ್ವರಗಳು, ಮ-ನ-ಣ, ಲ-ರ, ಬ-ದ-ಗ, ಇವುಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿದೆ. ಅಲ್ಲಿ ಕಿವಿ ಇನ್ನೂ ಚೆನ್ನಾಗಿದೆ. ಸ, ಶ, ಚ, ತ, ಕ, ಪ ಇವುಗಳನ್ನು ಒಂದರಿಂದೊಂದು ಬೇರ್ಪಡಿಸುವ ಸುಳಿವು 2000 ಹರ್ಟ್ಸ್‌ನಿಂದ ಮೇಲೆ, ಸಕಾರದ್ದಂತೂ 4000ದಾಚೆ. ಸಾಲು, ಹಾಲು, ಕಾಲು, ಪಾಲು ಈ ಕಿವಿಗೆ ಹೆಚ್ಚುಕಡಿಮೆ ಒಂದೇ ಮಾತು. ಕನ್ನಡದಲ್ಲಿ ಇನ್ನೊಂದು ವಿಶೇಷವಿದೆ: ವಿಭಕ್ತಿ, ಬಹುವಚನ, ಕ್ರಿಯಾಪದದ ಕೊನೆ ಹೆಚ್ಚಾಗಿ ಗ-ದ-ನ-ಲಗಳ ಮೇಲೆ, ಸ್ವರಗಳ ಮೇಲೆ ನಿಂತಿವೆ. ಇಂಗ್ಲಿಷಿನಲ್ಲಿ ಬಹುವಚನವೇ ಸಕಾರದ ಮೇಲೆ ನಿಂತಿದೆ. ನಮ್ಮ ‘ಗಳು’ ಹಾಗಲ್ಲ. ಆದ್ದರಿಂದ ವಾಕ್ಯದ ಎಲುಬು ಕೇಳುತ್ತದೆ, ತಿರುಳು ಜಾರುತ್ತದೆ. ಯಾರೋ ಏನನ್ನೋ ತಂದರು ಎಂಬುದು ಗೊತ್ತಾಗುತ್ತದೆ. ಏನು ತಂದರು ಎಂಬುದು ಗೊತ್ತಾಗುವುದಿಲ್ಲ. ‘ಕೇಳಿಸ್ತದೆ, ಅರ್ಥ ಆಗಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಗಮನ ಕೊಡದೆಯೂ ಇಲ್ಲ. ತ್ಯಾವರೆಕೊಪ್ಪದಲ್ಲಿ ಇಂಥವರಿಗೆ ಸಿಂಹದ ಗರ್ಜನೆ ಸಲೀಸಾಗಿ ಕೇಳಬಹುದು, ಅದು ಕೆಳಸ್ತರದ ಸದ್ದು. ಪಕ್ಕದಲ್ಲಿ ಕೂತ ಮೊಮ್ಮಗಳ ಪಿಸುಮಾತು ಕೇಳದು. ಮನೆಯವರು ‘ಬೇಕಾದ್ದು ಮಾತ್ರ ಕೇಳ್ತದೆ ಅಜ್ಜನಿಗೆ’ ಎನ್ನುವುದರ ಹಿಂದೆ ಇರುವುದು ಇಷ್ಟೇ.

ಇದರಿಂದ ಹೊರಡುವ ಮೊದಲ ಶರತ್ತು: ಬೀಪ್ ಸದ್ದಿನ ಪರೀಕ್ಷೆಯೊಂದೇ ಸಾಲದು, ಕನ್ನಡದ ಮಾತಿನ ಪರೀಕ್ಷೆ ಆಗಬೇಕು, ಅದೂ ಗದ್ದಲದ ನಡುವೆ. ಸಲಕರಣೆಗೆ ಕೊರತೆಯಿಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು ಕನ್ನಡಕ್ಕೆಂದೇ ಧ್ವನಿಸಮತೋಲಿತ ಪದಪಟ್ಟಿಗಳನ್ನೂ ವಾಕ್ಯಪಟ್ಟಿಗಳನ್ನೂ ಸಿದ್ಧಪಡಿಸಿದ್ದಾರೆ. ಗದ್ದಲದಲ್ಲಿ ಮಾತು ಹಿಡಿಯುವ ಸಾಮರ್ಥ್ಯ ಅಳೆಯುವ ಕ್ವಿಕ್‌ಸಿನ್ ಪರೀಕ್ಷೆಯ ಕನ್ನಡ ವಾಕ್ಯಗಳು 2010ರಿಂದ ಇವೆ. ಬೇರೆ ಬೇರೆ ಎರಡು ಸಾಧನ ಹಾಕಿ ಇದೇ ಪರೀಕ್ಷೆ ಮಾಡಿದರೆ ಬರುವ ಎರಡು ಅಂಕಿಗಳೇ ನಿಜವಾದ ಹೋಲಿಕೆ. ಮನೆಯಲ್ಲಿ ಮಾಡಿಕೊಳ್ಳಬಹುದಾದ ಸಣ್ಣ ಪರೀಕ್ಷೆಯೂ ಉಂಟು. ಡೇನಿಯಲ್ ಲಿಂಗ್ ರೂಪಿಸಿದ ಆರು ಧ್ವನಿಗಳದ್ದು. ಬಾಯಿ ಕಾಣದಂತೆ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳಿ, ಮರಳಿ ಹೇಳಿಸುವುದು. ಯಂತ್ರ ಹಾಕಿದ ಮೇಲೂ ಸ್ ಬರದಿದ್ದರೆ, ಅದು ಎಷ್ಟು ಲಕ್ಷದ ಯಂತ್ರವಾದರೂ ಹೊಂದಿಸಿದ್ದು ಸರಿಯಾಗಿದೆಯೇ ಎಂದು ಕೇಳುವ ಹಕ್ಕು ಕೊಂಡವರಿಗಿದೆ.

ಕಂಪನಿ, ದರ್ಜೆ, ಬೆಲೆ

ಜಗತ್ತಿನ ಶ್ರವಣ ಸಾಧನದ ವ್ಯಾಪಾರ ಬಹುಪಾಲು ಐದು ಗುಂಪುಗಳ ಕೈಯಲ್ಲಿದೆ: ಫೋನಾಕ್ ತಯಾರಿಸುವ ಸ್ವಿಟ್ಜರ್ಲೆಂಡಿನ ಸೊನೋವಾ, ಓಟಿಕಾನ್ ತಯಾರಿಸುವ ಡೆನ್ಮಾರ್ಕಿನ ಡಿಮಾಂಟ್, ರೀಸೌಂಡ್ ತಯಾರಿಸುವ ಅಲ್ಲಿಯದೇ ಜಿಎನ್, ಸಿಗ್ನಿಯಾ ಮತ್ತು ವೈಡೆಕ್ಸ್ ಎರಡನ್ನೂ ಇಟ್ಟುಕೊಂಡ ಡಬ್ಲ್ಯುಎಸ್ ಆಡಿಯಾಲಜಿ, ಅಮೆರಿಕದ ಸ್ಟಾರ್ಕಿ. ನಮ್ಮವರು ಇಂದಿಗೂ ‘ಸೀಮೆನ್ಸ್ ಮಿಷನ್’ ಎನ್ನುವುದು ಈಗಿನ ಸಿಗ್ನಿಯಾ. ಇವರೆಲ್ಲರೂ ಒಂದು ಮಾದರಿಯನ್ನು ಮೂರು, ನಾಲ್ಕು, ಐದು ದರ್ಜೆಗಳಲ್ಲಿ ಮಾರುತ್ತಾರೆ. ಹೆಚ್ಚಿನ ಸಂದರ್ಭದಲ್ಲಿ ಕವಚವೂ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪೂ ಒಂದೇ. ತಂತ್ರಾಂಶದಲ್ಲಿ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ ಬೆಲೆಯ ವ್ಯತ್ಯಾಸ. ಒಂದು ಕಿವಿಗೆ ಹದಿನೈದು-ಇಪ್ಪತ್ತು ಸಾವಿರದಿಂದ ಹಿಡಿದು ಲಕ್ಷ ದಾಟಿದವರೆಗೆ ಏಣಿ ಇರುವುದು ಇದರಿಂದಾಗಿ.

ಏಣಿಯ ತುದಿ ಬುಡಕ್ಕಿಂತ ಎಷ್ಟು ಮೇಲು? ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು 2014 ಹಾಗೂ 2016ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಪ್ರಶ್ನೆಯನ್ನೇ ಕೇಳಿದವು. ಎರಡು ದೊಡ್ಡ ಕಂಪನಿಗಳ ಮೇಲ್ದರ್ಜೆ ಮತ್ತು ಕೆಳದರ್ಜೆ ಸಾಧನಗಳನ್ನು ಅಲ್ಪ-ಮಧ್ಯಮ ನಷ್ಟದ ಹಿರಿಯರು ಜೋಡಿಗೊಂದು ತಿಂಗಳಿನಂತೆ ತಮ್ಮ ಮನೆಯಲ್ಲೇ ಬಳಸಿದರು. ಯಾವುದು ದುಬಾರಿ ಎಂದು ಅವರಿಗೆ ತಿಳಿಸಿರಲಿಲ್ಲ. ಎಲ್ಲ ಸಾಧನಗಳೂ ಉಪಯೋಗಕ್ಕೆ ಬಂದವು. ಆದರೆ ಮಾತು ಅರ್ಥವಾಗುವುದರಲ್ಲಿ, ಬದುಕಿನ ಗುಣಮಟ್ಟದಲ್ಲಿ ಮೇಲ್ದರ್ಜೆ ಕೆಳದರ್ಜೆಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. 2019ರಲ್ಲಿ ಅಯೋವಾದ ಯು-ಹ್ಸಿಯಾಂಗ್ ವು ತಂಡ ಪ್ರಯೋಗಾಲಯದಲ್ಲಿ ಅಂತರ ಕಂಡಿತು, ದಿನನಿತ್ಯದ ಬದುಕಿನಲ್ಲಿ ಕಾಣಲಿಲ್ಲ. ಇಂಡಿಯಾನಾದ ಲ್ಯಾರಿ ಹ್ಯೂಮ್ಸ್ ಅವರದು ಇನ್ನೂ ಕುತೂಹಲದ್ದು, 2017ರ ಪ್ರಕಟಣೆ: ಒಂದೇ ಸಾಧನವನ್ನು ಕೆಲವರಿಗೆ 600 ಡಾಲರಿಗೆ, ಕೆಲವರಿಗೆ 3600 ಡಾಲರಿಗೆ ಕೊಟ್ಟು ನೋಡಿದರು. ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಪ್ರಯೋಜನವೇನೂ ಆಗಲಿಲ್ಲ.

ಇವನ್ನು ಎಚ್ಚರದಿಂದ ಓದಬೇಕು. ಅಲ್ಲಿ ಬಳಸಿದ್ದು ಹಿಂದಿನ ಪೀಳಿಗೆಯ ಯಂತ್ರಗಳು, ಕೇಳಿದ್ದು ಇಂಗ್ಲಿಷ್ ಮಾತು, ತೀವ್ರ ಕಿವುಡಿರುವವರು ಅಲ್ಲಿರಲಿಲ್ಲ. 2021ರಲ್ಲಿ ಓಟಿಕಾನ್ ‘ಮೋರ್’ ನರಜಾಲದ ತಂತ್ರವನ್ನು ಚಿಪ್ಪಿನೊಳಕ್ಕೆ ತಂದಿತು. 2024ರಲ್ಲಿ ಫೋನಾಕ್ ‘ಸ್ಫಿಯರ್’ ಮಾತನ್ನು ಗದ್ದಲದಿಂದ ಬೇರ್ಪಡಿಸಲೆಂದೇ ಎರಡನೇ ಚಿಪ್ಪು ಇಟ್ಟಿತು. ಗದ್ದಲ ಕಳೆಯುವುದರಲ್ಲಿ ಇವು ಹಳೆಯವಕ್ಕಿಂತ ಮುಂದಿವೆ ಎಂದು ಒಪ್ಪಲು ಅಡ್ಡಿಯಿಲ್ಲ, ಬ್ಯಾಟರಿ ಬೇಗ ತಿನ್ನುತ್ತವೆ ಎಂಬುದೂ ನಿಜ. ವಾರಕ್ಕೆರಡು ಮದುವೆ, ಸಭೆ, ಸಂಘದ ಮೀಟಿಂಗು ಇರುವ ಮನುಷ್ಯನಿಗೆ ಈ ಖರ್ಚು ಸಲ್ಲಬಹುದು. ಹಗಲೆಲ್ಲ ತೋಟದಲ್ಲಿದ್ದು ಸಂಜೆ ನಾಲ್ಕು ಜನರ ಜೊತೆ ಕೂರುವವರಿಗೆ ಇದನ್ನು ಕೊಳ್ಳಿ ಎಂದು ನಾನಂತೂ ಹೇಳಲಾರೆ. ಹಣ ಇಷ್ಟೇ ಎಂದು ಗೊತ್ತಿದ್ದರೆ ಒಂದು ಕಿವಿಗೆ ಮೇಲ್ದರ್ಜೆಯದು ಕೊಳ್ಳುವ ಬದಲು ಎರಡೂ ಕಿವಿಗೆ ಕೆಳದರ್ಜೆಯದು ಕೊಳ್ಳುವುದು ಲೇಸು. ಸದ್ದು ಯಾವ ದಿಕ್ಕಿನದು ಎಂಬುದನ್ನು ಮಿದುಳು ಎರಡು ಕಿವಿಗಳ ವ್ಯತ್ಯಾಸದಿಂದ ಲೆಕ್ಕ ಹಾಕುತ್ತದೆ, ಮತ್ತು ಸಾಗರ ರಸ್ತೆ ದಾಟುವವನಿಗೆ ಲಾರಿ ಯಾವ ಕಡೆಯಿಂದ ಬರುತ್ತಿದೆ ಎಂಬುದೇ ಮುಖ್ಯ.

ಇನ್ನು ಜಾಹೀರಾತಿನಲ್ಲಿ ಬರುವ ‘ಮರೆವಿನ ರೋಗ ತಡೆಯುತ್ತದೆ’ ಎಂಬ ಮಾತು. ಇದರ ಹಿಂದಿರುವುದು ಮುಖ್ಯವಾಗಿ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಚೀವ್ ಅಧ್ಯಯನ. 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಿದ ಅದರಲ್ಲಿ ಒಟ್ಟಾರೆ ಗುಂಪಿಗೆ ಪ್ರಯೋಜನ ಸಾಬೀತಾಗಲಿಲ್ಲ. ಅಪಾಯದ ಅಂಶಗಳು ಹೆಚ್ಚಿದ್ದ ಒಂದು ಉಪಗುಂಪಿನಲ್ಲಿ ಮಾತ್ರ ಅರಿವಿನ ಕುಸಿತ ಶೇ 48ರಷ್ಟು ನಿಧಾನವಾಯಿತು. ಅಂಗಡಿಯ ಪೋಸ್ಟರಿನಲ್ಲಿ ಉಪಗುಂಪು ಉಳಿಯುತ್ತದೆ, ಒಟ್ಟಾರೆ ಫಲಿತಾಂಶ ಮಾಯವಾಗುತ್ತದೆ.

ಹೊಂದಿಸುವ ಕೈ

ನನ್ನ ಎಣಿಕೆಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಡಿಜಿಟಲ್ ಸಾಧನ ಪೆಟ್ಟಿಗೆಯಿಂದ ಬಂದಾಗ ಅದಕ್ಕೆ ಯಾರ ಕಿವಿಯೂ ಗೊತ್ತಿಲ್ಲ. ಆಡಿಯೋಗ್ರಾಂ ತುಂಬಿ ‘ಫಸ್ಟ್ ಫಿಟ್’ ಗುಂಡಿ ಒತ್ತಿದರೆ ಕಂಪನಿಯ ತಂತ್ರಾಂಶ ಒಂದು ಅಂದಾಜು ಕೊಡುತ್ತದೆ. ಆ ಅಂದಾಜು ಎಷ್ಟು ಸರಿ? ಬ್ರಿಟನ್ನಿನಲ್ಲಿ ಹಶೀರ್ ಆಜ್ ಮತ್ತು ಬ್ರಯಾನ್ ಮೂರ್ 2007ರಲ್ಲಿ 42 ಕಿವಿಗಳಲ್ಲಿ ಅಳೆದರು. ಶೇ 64ರಷ್ಟು ಕಡೆ ಒಂದಲ್ಲ ಒಂದು ಆವರ್ತನದಲ್ಲಿ ಸದ್ದು ಗುರಿಗಿಂತ 10 ಡೆಸಿಬಲ್ಲಿಗೂ ಹೆಚ್ಚು ತಪ್ಪಿತ್ತು. ಅಳತೆ ನೋಡಿ ತಿದ್ದಿದ ಮೇಲೆ ಶೇ 83ರಷ್ಟು ಸರಿಹೋದವು. ದರ್ಜೆ ಬದಲಿಸಿ ಸಿಗದ ವ್ಯತ್ಯಾಸ ತಿದ್ದುಪಡಿಯಿಂದ ಸಿಕ್ಕಿತು ಎಂದರೆ ಎಲ್ಲಿ ಹಣ ಹಾಕಬೇಕೆಂಬುದು ಸ್ಪಷ್ಟ.

ಅಳತೆಗೆ ‘ರಿಯಲ್ ಇಯರ್’ ಎನ್ನುತ್ತಾರೆ. ಕೂದಲೆಳೆಯಂಥ ಮೆತ್ತನೆಯ ನಳಿಕೆಯೊಂದನ್ನು ಕಿವಿಯ ಒಳಗೆ, ತಮಟೆಯ ಪರದೆಗೆ ಕೆಲವೇ ಮಿಲಿಮೀಟರ್ ದೂರ ಬರುವವರೆಗೆ ಇಳಿಬಿಡುತ್ತಾರೆ. ಮೇಲೆ ಸಾಧನ ಹಾಕುತ್ತಾರೆ. ಎದುರಿನ ಸ್ಪೀಕರಿನಲ್ಲಿ ಮಾತು ಹರಿಯುತ್ತದೆ; ಪರದೆಯ ಹತ್ತಿರ ನಿಜಕ್ಕೂ ಎಷ್ಟು ಸದ್ದು ತಲುಪಿತು ಎಂಬ ಗೆರೆ ತೆರೆಯ ಮೇಲೆ ಮೂಡುತ್ತದೆ. ತಲುಪಬೇಕಾದ ಗುರಿಯ ಗೆರೆ ಪಕ್ಕದಲ್ಲೇ ಇರುತ್ತದೆ. ಎರಡು ಗೆರೆ ಕೂಡಿದವೋ ಇಲ್ಲವೋ ಎಂಬುದನ್ನು ಓದುಬರಹ ಬಾರದವರೂ ನೋಡಬಹುದು. ಗುರಿ ಹಾಕುವ ಸೂತ್ರಗಳಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಅಕೂಸ್ಟಿಕ್ ಲ್ಯಾಬೊರೇಟರೀಸ್‌ನ ಎನ್‌ಎಎಲ್-ಎನ್‌ಎಲ್2 ಹೆಚ್ಚು ಬಳಕೆಯದು. ಅದರಲ್ಲಿ ಕೇಳುಗನ ಭಾಷೆ ಚೀನೀಯಂತೆ ಸ್ಥಾಯಿಯಿಂದ ಅರ್ಥ ಬದಲಿಸುವುದೋ ಅಲ್ಲವೋ ಎಂಬ ಆಯ್ಕೆಯಿದೆ. ಕನ್ನಡ ಎರಡನೇ ಬಗೆಯದು. ತಪ್ಪು ಆಯ್ದರೆ ಕೆಳಸ್ತರದ ಸದ್ದು ಬೇಡದಷ್ಟು ಏರುತ್ತದೆ. ನಮ್ಮ ಮಾದರಿ ಕಿವಿಗೆ ಬೇಡವಾದದ್ದೇ ಅದು.

ಆ ಕಿವಿಗೆ ಒಪ್ಪುವ ಆಕಾರವೂ ಇದರಿಂದಲೇ ನಿರ್ಧಾರವಾಗುತ್ತದೆ. ಕೆಳಗಿನ ಆವರ್ತನ ಸಹಜವಾಗಿ ಕೇಳುವವರ ಕಿವಿಯನ್ನು ಪೂರ್ತಿ ಮುಚ್ಚಿದರೆ ತಮ್ಮ ದನಿ ತಮಗೇ ಬಾವಿಯೊಳಗಿಂದ ಬಂದಂತಾಗುತ್ತದೆ. ಊಟ ಅಗಿಯುವ ಸದ್ದೂ ದೊಡ್ಡದಾಗುತ್ತದೆ. ಕಿವಿಯ ಹಿಂದೆ ಕೂತು, ತೆಳ್ಳನೆಯ ತಂತಿಯ ತುದಿಯಲ್ಲಿ ಸಣ್ಣ ಸ್ಪೀಕರ್ ಮಾತ್ರ ಒಳಗೆ ಹೋಗುವ ಬಗೆಯ ಸಾಧನ, ರಂಧ್ರವಿರುವ ಸಿಲಿಕೋನ್ ಟೊಪ್ಪಿಗೆ, ಇಂಥವರಿಗೆ ಸರಿ. ಕಿವಿಯೊಳಗೇ ಅಡಗುವ ಪುಟ್ಟ ಯಂತ್ರ ‘ಯಾರಿಗೂ ಕಾಣಲ್ಲ’ ಎಂಬ ಒಂದೇ ಗುಣಕ್ಕೆ ಮಾರಾಟವಾಗುತ್ತದೆ. ನಡುಗುವ ಬೆರಳಿಗೆ ಅದು ಸಿಗುವುದಿಲ್ಲ, ಕಿವಿಯ ಗುಗ್ಗೆಗೆ ಬೇಗ ಸಿಗುತ್ತದೆ. ತೀವ್ರ ನಷ್ಟವಿದ್ದವರಿಗೆ ಮಾತು ಬೇರೆ: ಹಿಂದೆ ಕೂರುವ ಶಕ್ತಿಯುತ ಸಾಧನ, ಕಿವಿಯ ಅಚ್ಚು ತೆಗೆದು ಮಾಡಿಸಿದ ಮೋಲ್ಡ್. ಮೋಲ್ಡ್ ಸಡಿಲವಾದರೆ ಕೊಂಯ್ ಎಂದು ಕೂಗುತ್ತದೆ. ಆಗ ದೋಷ ಯಂತ್ರದ್ದಲ್ಲ, ಹೊಸ ಮೋಲ್ಡ್ ಬೇಕು.

ಮಲೆನಾಡಿನ ಹವೆ

ಹೋಲಿಕೆ ಪಟ್ಟಿಗಳಲ್ಲಿ ಎಂದೂ ಕಾಣದ ಕಾಲಂ ಒಂದಿದೆ: ಜೂನ್‌ನಿಂದ ಸೆಪ್ಟೆಂಬರ್. ಐಪಿ68 ಎಂಬ ಗುರುತು ಧೂಳಿನಿಂದಲೂ ನೀರಿನಲ್ಲಿ ಮುಳುಗಿದಾಗಲೂ ರಕ್ಷಣೆ ಇದೆ ಎನ್ನುತ್ತದೆ, ಸರಿ. ಆದರೆ ತಿಂಗಳುಗಟ್ಟಲೆ ಆರದ ತೇವ, ಬೆವರು ಬೇರೆಯೇ ಬಗೆಯ ಶತ್ರು. ರಾತ್ರಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡುವುದು ಇಲ್ಲಿ ಐಚ್ಛಿಕವಲ್ಲ. ಬಿಲ್ಲೆ ಬ್ಯಾಟರಿಯ ಝಿಂಕ್-ಏರ್ ರಸಾಯನ ಗಾಳಿ ಎಳೆದುಕೊಂಡೇ ಕೆಲಸ ಮಾಡುತ್ತದೆ. ಸ್ಟಿಕರ್ ಕಿತ್ತು ಕೆಲವು ನಿಮಿಷ ಬಿಟ್ಟು ಹಾಕಬೇಕು, ಮಳೆಗಾಲದಲ್ಲಿ ತೇವವನ್ನೂ ಎಳೆದುಕೊಂಡು ಆಯಸ್ಸು ಕಳೆದುಕೊಳ್ಳುತ್ತದೆ. ಕೊಳ್ಳುವಾಗ ಬಣ್ಣ ನೆನಪಿಟ್ಟರೆ ಸಾಕು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಚಾರ್ಜ್ ಮಾಡುವ ಲಿಥಿಯಂ ಸಾಧನ ಬೆರಳಿನ ಕಷ್ಟ ತಪ್ಪಿಸುತ್ತದೆ. ಗಾಳಿಮಳೆಗೆ ಎರಡು ದಿನ ಕರೆಂಟು ಹೋದರೆ ಅದೂ ಮೌನ. ಪವರ್ ಬ್ಯಾಂಕ್ ಅಡಕವಾಗಿರುವ ಚಾರ್ಜರ್ ಸಿಗುತ್ತದೆಯೇ ಎಂದು ವಿಚಾರಿಸುವುದು ನಮ್ಮ ಕಡೆಯವರಿಗೆ ಬ್ಲೂಟೂತಿಗಿಂತ ಹೆಚ್ಚು ಉಪಯೋಗದ ಪ್ರಶ್ನೆ.

‘ಮಿಷನ್ ಕೆಟ್ಟೋಯ್ತು’ ಎಂದು ಬರುವ ಸಾಧನಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ. ಸಿಲಿಕೋನ್ ಟೊಪ್ಪಿಗೆ ಕಳಚಿ ಸ್ಪೀಕರಿನ ತುದಿ ನೋಡಿದರೆ ಸಾಸಿವೆಗಿಂತ ಚಿಕ್ಕ ಬಿಳಿ ಜಾಲರಿ ಕಾಣುತ್ತದೆ; ಗುಗ್ಗೆ ತುಂಬಿ ಅದು ಹಳದಿಯಾಗಿರುತ್ತದೆ. ಜೊತೆಗೆ ಕೊಟ್ಟ ಕಡ್ಡಿಯ ಒಂದು ತುದಿಯಿಂದ ಹಳೆಯದನ್ನು ಚುಚ್ಚಿ ಎಳೆದು, ಇನ್ನೊಂದು ತುದಿಯ ಹೊಸದನ್ನು ಒತ್ತಿದರೆ ಯಂತ್ರ ಮತ್ತೆ ಮಾತಾಡುತ್ತದೆ. ಕೊಡುವ ದಿನವೇ ಇದನ್ನು ಮನೆಯ ಒಬ್ಬರ ಕೈಯಲ್ಲಿ ಮಾಡಿಸಿ ನೋಡದ ಅಂಗಡಿ ಮುಂದೆ ಎಷ್ಟು ಸೇವೆ ಕೊಡುತ್ತದೆಂದು ಊಹಿಸಬಹುದು.

ಕಿವಿ ಸೋರುವವರ ಸಂಗತಿಯನ್ನು ಬೇರೆಯಾಗಿ ಹೇಳಲೇಬೇಕು. ತಮಟೆಗೆ ತೂತಾಗಿ ಆಗಾಗ ಕೀವು ಬರುವ ಕಿವಿಯನ್ನು ಮೋಲ್ಡ್ ಹಾಕಿ ಮುಚ್ಚಿದರೆ ಗಾಳಿಯಾಡದೆ ಸೋರುವುದು ಹೆಚ್ಚುತ್ತದೆ. ಮೊದಲು ಕಿವಿ-ಮೂಗು-ಗಂಟಲು ವೈದ್ಯರು, ಆಮೇಲೆ ಸಾಧನ. ಶಸ್ತ್ರಚಿಕಿತ್ಸೆಯಿಂದ ತಮಟೆ ಮುಚ್ಚಿದರೆ ಕೆಲವರಿಗೆ ಸಾಧನವೇ ಬೇಡವಾಗಬಹುದು. ಸೋರುವುದು ನಿಲ್ಲದವರಿಗೆ ಮೂಳೆಯ ಮೂಲಕ ಸದ್ದು ಮುಟ್ಟಿಸುವ ಸಾಧನಗಳಿವೆ. ಒಂದೇ ಕಿವಿ ಮಂದವಾಗಿದ್ದರೆ, ದಿಢೀರನೆ ಕೇಳದಾಗಿದ್ದರೆ, ತಲೆ ಸುತ್ತುತ್ತಿದ್ದರೆ ಅಂಗಡಿಗೆ ಹೋಗುವ ಪ್ರಶ್ನೆಯೇ ಇಲ್ಲ. ದಿಢೀರ್ ಕಿವುಡಿಗೆ ದಿನಗಳೊಳಗೆ ಚಿಕಿತ್ಸೆ ಆಗಬೇಕು.

ಚಂಡೆ, ಹಾರ್ಮೋನಿಯಂ, ಮತ್ತು ಆನ್‌ಲೈನ್ ಯಂತ್ರ

ಸಾಧನಗಳು ಮಾತಿಗಾಗಿ ತಯಾರಾದವು, ಸಂಗೀತಕ್ಕಲ್ಲ. ಕೊಂಯ್ ಸದ್ದು ಅಡಗಿಸುವ ವ್ಯವಸ್ಥೆ ಒಂದೇ ಸಮನೆ ಎಳೆಯುವ ಸ್ವರವನ್ನು ಕಂಡರೆ ಅದನ್ನೂ ಕೊಂಯ್ ಎಂದೇ ತಿಳಿಯುತ್ತದೆ. ಹಾರ್ಮೋನಿಯಂ ಶ್ರುತಿ, ಕೊಳಲು ಇದರಿಂದ ಅಲುಗಾಡಿದಂತೆ ಕೇಳುತ್ತವೆ. ಯಕ್ಷಗಾನದ ಚಂಡೆ ಹತ್ತಿರದಲ್ಲಿ ಎಷ್ಟು ಜೋರೆಂದರೆ ಮೈಕಿನ ದಾರಿಯಲ್ಲೇ ಅಲೆಯ ತಲೆ ಕತ್ತರಿಸಿಹೋಗಿ ಗರಗರ ಎನ್ನಬಹುದು. ‘ಮ್ಯೂಸಿಕ್’ ಎಂಬ ಪ್ರತ್ಯೇಕ ಪ್ರೋಗ್ರಾಂ ಇದೆಯೇ, ಅದರಲ್ಲಿ ಗದ್ದಲ ಕಳೆಯುವ ವ್ಯವಸ್ಥೆಯನ್ನು ನಿಲ್ಲಿಸಬಹುದೇ ಎಂದು ಭಜನೆ-ಬಯಲಾಟದ ಒಲವಿರುವವರು ಕೇಳಬೇಕು. ಆಟ ನೋಡಲು ಕೆಲವರು ಯಂತ್ರ ತೆಗೆದು ಜೇಬಿಗೆ ಹಾಕುತ್ತಾರೆ. ಅದೂ ಒಂದು ಪ್ರೋಗ್ರಾಮೇ.

ದೂರದ ಮಾತಿಗೆ ಯಾವ ಮೇಲ್ದರ್ಜೆಯೂ ಹತ್ತಿರದ ಮೈಕಿಗೆ ಸಮನಲ್ಲ. ಅಂತರ ಇಮ್ಮಡಿಯಾದಾಗ ಬಯಲಿನಲ್ಲಿ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮಾತಾಡುವವರ ಕೊರಳಿಗೆ ಸಿಕ್ಕಿಸುವ ಪುಟ್ಟ ಮೈಕು ಆ ದೂರವನ್ನೇ ಅಳಿಸುತ್ತದೆ. ಟಿವಿಗೂ ಹೀಗೇ ಒಂದು ಪೆಟ್ಟಿಗೆ ಸಿಗುತ್ತದೆ. ಆರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ಪ್ರಸಾರ ಮುಂದೆ ನಿಲ್ದಾಣ, ಸಭಾಂಗಣಗಳಿಗೆ ಬರಬಹುದು. ಅದಕ್ಕಾಗಿ ಇಂದು ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡು ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುವ ಯಂತ್ರಗಳು ಹೆಚ್ಚಾಗಿ ಶ್ರವಣ ಸಾಧನಗಳೇ ಅಲ್ಲ, ಎಲ್ಲ ಸದ್ದನ್ನೂ ಒಂದೇ ಅಳತೆಯಲ್ಲಿ ಏರಿಸುವ ಆಂಪ್ಲಿಫೈಯರುಗಳು. ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಪರೀಕ್ಷೆಯಿಲ್ಲದೆ ಕೊಳ್ಳಬಹುದಾದ ವರ್ಗವೊಂದು ಜಾರಿಗೆ ಬಂತು ನಿಜ. ಆದರೆ ಅದು 18 ದಾಟಿದ, ಅಲ್ಪ-ಮಧ್ಯಮ ನಷ್ಟದವರಿಗೆ ಮಾತ್ರ. ಗರಿಷ್ಠ ಸದ್ದಿಗೆ 111 ಡೆಸಿಬಲ್, ಒಳಬರುವ ಸದ್ದಿಗೆ ತಕ್ಕಂತೆ ಏರಿಕೆ ತಗ್ಗಿಸುವ ಕಂಪ್ರೆಷನ್ ಇದ್ದರೆ 117 ಎಂಬ ಮಿತಿಯೂ ಇದೆ. ಮಿತಿಯೇ ಬರೆದಿಲ್ಲದ ಪೆಟ್ಟಿಗೆಯನ್ನು ಆ ವರ್ಗಕ್ಕೆ ಸೇರಿಸಲಾಗದು. ಕಾರ್ಖಾನೆಯ ಸದ್ದು ತಿಂದು ಉಳಿಸಿದ ಕಿವಿಗೆ ಇನ್ನಷ್ಟು ಸದ್ದು ತುಂಬುವುದು ಎಲ್ಲಿಯ ನ್ಯಾಯ?

ಎಲ್ಲಿಗೆ ಹೋಗುವುದು

ತ್ಯಾವರೆಕೊಪ್ಪದವರಿಗೆ ಮೊದಲ ನಿಲ್ದಾಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಜಿಲ್ಲಾಸ್ಪತ್ರೆಯೂ ಹೌದು, ಸಿಮ್ಸ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯೂ ಹೌದು. ಕಿವಿ ನೋಡಿಸುವುದು, ಪ್ರಮಾಣಪತ್ರದ ವಿಚಾರ, ಅಡಿಪ್ ಅರ್ಜಿ ಇವುಗಳ ದಾರಿ ಇಲ್ಲಿಂದ ಶುರು. ಗೊಂದಲದ ಪ್ರಕರಣವಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ತಾಳಗುಪ್ಪ-ಮೈಸೂರು ರೈಲು ಸಾಗರ, ಶಿವಮೊಗ್ಗ, ಭದ್ರಾವತಿ ಮೂರನ್ನೂ ಮುಟ್ಟಿಕೊಂಡು ಹೋಗುತ್ತದೆ. ಆ ಸಂಸ್ಥೆಯಲ್ಲಿ ಹಲವು ಕಂಪನಿಗಳ ಸಾಧನ ಒಂದೇ ಸೂರಿನಡಿ ಹಾಕಿ ನೋಡಬಹುದು. ಯಾರಿಗೂ ಕಮಿಷನ್ನಿನ ಗರಜಿಲ್ಲದೆ ಬರೆದ ಒಂದು ಆಡಿಯೋಗ್ರಾಂ ಕೈಯಲ್ಲಿದ್ದರೆ ಆಮೇಲೆ ಯಾವ ಅಂಗಡಿಗೆ ಬೇಕಾದರೂ ಹೋಗಬಹುದು. ಖಾಸಗಿಯಲ್ಲಿ ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟ್ ಹೌದೇ ಎಂದು ಕೇಳಿದರೆ ಅಪಮಾನವೇನಲ್ಲ.

ಕೊಳ್ಳುವ ಮುನ್ನ ಮನೆಯಲ್ಲಿ ಕೆಲವು ವಾರ ಹಾಕಿ ನೋಡುವ ಅವಕಾಶ ಕೇಳಬೇಕು. ಹಾರ್ವಿ ಡಿಲನ್ ಮತ್ತು ಸಂಗಡಿಗರು 1997ರಲ್ಲಿ ರೂಪಿಸಿದ ಕೋಸಿ ಎಂಬ ಸರಳ ಹಾಳೆ ಇದಕ್ಕೆ ಒದಗುತ್ತದೆ: ಚೆನ್ನಾಗಿ ಕೇಳಬೇಕೆಂದು ಆಸೆಪಡುವ ಐದರವರೆಗಿನ ಸನ್ನಿವೇಶಗಳನ್ನು ಕೇಳುಗನೇ ಬರೆಯುವುದು, ಆಮೇಲೆ ಒಂದೊಂದರಲ್ಲೂ ಎಷ್ಟು ಸುಧಾರಿಸಿತು ಎಂದು ಗುರುತಿಸುವುದು. ‘ಮೊಮ್ಮಗಳ ಫೋನು’, ‘ಬಸ್ಸಿನಲ್ಲಿ ಕಂಡಕ್ಟರ್ ಮಾತು’, ‘ಸೊಸೈಟಿ ಮೀಟಿಂಗು’ ಎಂದು ಕನ್ನಡದಲ್ಲೇ ಬರೆದರಾಯಿತು. ಮೊದಲ ವಾರ ತಟ್ಟೆ-ಲೋಟದ ಸದ್ದು, ಫ್ಯಾನಿನ ಸದ್ದು ತಲೆ ಚಿಟ್ಟು ಹಿಡಿಸುತ್ತವೆ. ವರ್ಷಗಟ್ಟಲೆ ಕೇಳದ ಸದ್ದಿಗೆ ಮಿದುಳು ಮತ್ತೆ ಒಗ್ಗಬೇಕು, ಅದಕ್ಕೆ ದಿನವಿಡೀ ಹಾಕಬೇಕು. ಮದುವೆಗೆಂದು ಮಾತ್ರ ಹೊರತೆಗೆದ ಯಂತ್ರ ಮದುವೆಯಲ್ಲೇ ಕೈಕೊಡುತ್ತದೆ.

ಹಣ ಎಣಿಸುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾವ ಹೋಲಿಕೆ ಪಟ್ಟಿಯೂ ಕೇಳುವುದಿಲ್ಲ. ಕೆಲವು ಸರಣಿ ಅಂಗಡಿಗಳು ಮಾರುವ ಸಾಧನಗಳ ತಂತ್ರಾಂಶಕ್ಕೆ ಬೀಗವಿರುತ್ತದೆ. ಅದೇ ಕಂಪನಿಯ ಅದೇ ಮಾದರಿಯಾದರೂ ಬೇರೆ ಆಡಿಯಾಲಜಿಸ್ಟ್ ಅದನ್ನು ತೆರೆದು ತಿದ್ದಲಾರರು. ಶಿವಮೊಗ್ಗದ ಶಾಖೆ ಮುಚ್ಚಿದರೆ, ಅಥವಾ ಮಗನ ಮನೆಗೆಂದು ಬೇರೆ ಊರು ಸೇರಿದರೆ, ಈ ಸಾಧನವನ್ನು ಯಾರು ಬೇಕಾದರೂ ಹೊಂದಿಸಬಹುದೇ? ಉತ್ತರವನ್ನು ಬಿಲ್ಲಿನ ಮೇಲೆಯೇ, ವಾರಂಟಿಯ ವರ್ಷಗಳ ಪಕ್ಕದಲ್ಲಿ, ಬರೆಸಿಕೊಳ್ಳಬೇಕು.